ಬಂಡವಾಳಶಾಹಿ, ಕಮ್ಯುನಿಸಂ ಮತ್ತು ಒಂದು ಚೀಲ ರೋಬಸ್ಟಾ: ಚರ್ಚೆಗೆ ಸಿದ್ಧರಾಗುವ ಬಗೆ

ಬಂಡವಾಳಶಾಹಿ ಮತ್ತು ಕಮ್ಯುನಿಸಂಗಳ ಗುಣದೋಷ ಕುರಿತ ಚರ್ಚೆಗಳು ಸಾಮಾನ್ಯವಾಗಿ ಕೆಡುವುದು ಒಂದೇ ಕಾರಣಕ್ಕೆ: ಪ್ರತಿಯೊಬ್ಬ ವಾದಿಯೂ ತನ್ನ ವ್ಯವಸ್ಥೆಯನ್ನು ಅದರ ಆದರ್ಶದಿಂದಲೂ ಎದುರಾಳಿಯ ವ್ಯವಸ್ಥೆಯನ್ನು ಅದರ ಅತ್ಯಂತ ಕೆಟ್ಟ ವರ್ಷದಿಂದಲೂ ಅಳೆಯುತ್ತಾನೆ. ಒಬ್ಬರು ಶೋಷಣೆಯಿಲ್ಲದ ಸಮಾಜದ ಮಾತೆತ್ತಿದರೆ ಇನ್ನೊಬ್ಬರು ಸ್ಟಾಲಿನ್ ಕಾಲದ ಕಾರ್ಮಿಕ ಶಿಬಿರಗಳನ್ನು ತೋರಿಸುತ್ತಾರೆ. ಒಬ್ಬರು ಮುಕ್ತ ಸ್ಪರ್ಧೆಯನ್ನು ಬಣ್ಣಿಸಿದರೆ ಇನ್ನೊಬ್ಬರು 1929ರ ಆರ್ಥಿಕ ಮಹಾ ಕುಸಿತವನ್ನು ಮುಂದಿಡುತ್ತಾರೆ. ಇಂಥ ಚರ್ಚೆಯಲ್ಲಿ ಯಾರೂ ಸೋಲುವುದಿಲ್ಲ, ಯಾರೂ ಏನನ್ನೂ ಕಲಿಯುವುದೂ ಇಲ್ಲ. ಆದರ್ಶವನ್ನು ಆದರ್ಶದೊಂದಿಗೆ, ನಡೆದದ್ದನ್ನು ನಡೆದದ್ದರೊಂದಿಗೆ ಮಾತ್ರ ಹೋಲಿಸಬೇಕೆಂಬ ನಿಯಮವನ್ನು ಅಧ್ಯಕ್ಷರು ಮೊದಲೇ ಓದಿ ಹೇಳಿಬಿಟ್ಟರೆ ಅರ್ಧ ಗದ್ದಲ ಅಲ್ಲಿಗೇ ಅಡಗುತ್ತದೆ. ಕೊಡಗಿನ ಕಾಲೇಜಿನಲ್ಲೋ ಓದುಗರ ಬಳಗದಲ್ಲೋ ಈ ವಿಷಯಕ್ಕೆ ಸಿದ್ಧರಾಗುವವರಿಗೆ ಇನ್ನೂ ಒಂದು ಅನುಕೂಲವಿದೆ: ಎರಡೂ ಸಿದ್ಧಾಂತಗಳನ್ನು ಒರೆಗೆ ಹಚ್ಚಲು ಬೇಕಾದ ಸಾಮಗ್ರಿ ಕಾಫಿಯ ಚರಿತ್ರೆಯಲ್ಲೇ ಇದೆ.

ಮೊದಲ ಕೆಲಸ ವಿಷಯವನ್ನು ಕಿರಿದಾಗಿಸುವುದು. ‘ಯಾವ ವ್ಯವಸ್ಥೆ ಮೇಲು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ, ಏಕೆಂದರೆ ಅದರಲ್ಲಿ ಹತ್ತು ಪ್ರಶ್ನೆಗಳು ಅಡಗಿವೆ. ಅದರ ಬದಲು ‘ಕಾಫಿ ಮಾರಾಟದಿಂದ ಸರ್ಕಾರ ಹಿಂದೆ ಸರಿದದ್ದು ಸಣ್ಣ ಬೆಳೆಗಾರರಿಗೆ ಒಳಿತು ಮಾಡಿತು’ ಎಂಬಂಥ ನಿರ್ಣಯವನ್ನು ಇಟ್ಟುಕೊಂಡರೆ ಪರ-ವಿರೋಧ ಎರಡಕ್ಕೂ ಸಾಕ್ಷ್ಯ ಸಿಗುತ್ತದೆ. ಯಾವ ನಿರ್ಣಯವೇ ಆಗಲಿ, ಅದಕ್ಕೆ ಮೂರು ಪ್ರಶ್ನೆ ಹಾಕಿ ನೋಡಬೇಕು: ಉತ್ಪಾದನೆಯ ಸಾಧನ ಯಾರ ಒಡೆತನದಲ್ಲಿದೆ, ಬೆಲೆಯನ್ನು ಯಾರು ಕಟ್ಟುತ್ತಾರೆ, ನಷ್ಟವಾದಾಗ ಅದು ಯಾರ ತಲೆಗೆ ಬೀಳುತ್ತದೆ. ಈ ಮೂರಕ್ಕೂ ಒಂದೇ ಉತ್ತರವಿರಬೇಕಾಗಿಲ್ಲ ಎಂಬುದು ತಿಳಿದ ಕೂಡಲೇ ಚರ್ಚೆ ಘೋಷಣೆಯ ಮಟ್ಟದಿಂದ ಮೇಲೇಳುತ್ತದೆ.

ಇದಕ್ಕೆ ಅತ್ಯುತ್ತಮ ಉದಾಹರಣೆ ಕಾಫಿ ಮಂಡಳಿಯ ಪೂಲ್ ಪದ್ಧತಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಲೆ ನೆಲಕಚ್ಚಿದಾಗ ಬ್ರಿಟಿಷ್ ಸರ್ಕಾರವೇ ಇದನ್ನು ತಂದಿತು. 1942ರ ಕಾಯ್ದೆ ಅದನ್ನು ಮುಂದುವರಿಸಿತು. ಬೆಳೆಗಾರರು ಬಿತ್ತನೆಗೂ ಮನೆಬಳಕೆಗೂ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಬೇಕಿತ್ತು. ಮಂಡಳಿಯೇ ಅದನ್ನು ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ತಾನೇ ಬೆಳೆದ ಕಾಫಿಯನ್ನು ತನಗಿಷ್ಟ ಬಂದವರಿಗೆ ಮಾರುವುದು ಅಪರಾಧವಾಗಿತ್ತು. ಇದನ್ನು ಕಮ್ಯುನಿಸಂ ಎನ್ನಬಹುದೇ? ಎನ್ನಲಾಗದು, ಏಕೆಂದರೆ ತೋಟ ಖಾಸಗಿಯವರದೇ ಆಗಿತ್ತು, ಕೂಲಿ ಕೊಡುವವರೂ ಪಡೆಯುವವರೂ ಮೊದಲಿನಂತೆಯೇ ಇದ್ದರು, ಬದಲಾದದ್ದು ಬೆಲೆ ಕಟ್ಟುವವರು ಮಾತ್ರ. ಸರ್ಕಾರ ಮಾಡುವ ಪ್ರತಿಯೊಂದು ಕೆಲಸವನ್ನೂ ಕಮ್ಯುನಿಸಂ ಎಂದು ಕರೆಯುವ ವಾದಿಯನ್ನು ಇದೊಂದೇ ಉದಾಹರಣೆಯಿಂದ ತಡೆಯಬಹುದು.

ಆದರೂ ಕೇಂದ್ರೀಕೃತ ಯೋಜನೆಯ ಮೇಲಿನ ಗಂಭೀರ ಟೀಕೆಯನ್ನು ಅರ್ಥಮಾಡಿಕೊಳ್ಳಲು ಪೂಲ್ ನೆರವಾಗುತ್ತದೆ. ಬೆಲೆಯೆಂಬುದು ಬರಿಯ ಅಂಕಿಯಲ್ಲ, ಸಾವಿರಾರು ಜನರಲ್ಲಿ ಚದುರಿಹೋಗಿರುವ ತಿಳಿವಳಿಕೆಯನ್ನು ಒಂದೆಡೆ ತರುವ ಸಾಧನ, ಅದನ್ನು ಯಾವ ಕಚೇರಿಯೂ ಲೆಕ್ಕ ಹಾಕಲಾರದು ಎಂದು ಆಸ್ಟ್ರಿಯಾ ಮೂಲದ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಾಯೆಕ್ 1945ರಲ್ಲಿ ವಾದಿಸಿದರು. ಪೂಲ್ ಕಾಲದ ಬೆಳೆಗಾರರು ಇದೇ ದೂರನ್ನು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು: ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರುವಾಗ ಹಣ್ಣನ್ನು ಆರಿಸಿ ಕೊಯ್ದು ಎಚ್ಚರದಿಂದ ಒಣಗಿಸಿದವನಿಗೆ ಸಿಗುವ ಹೆಚ್ಚಿನ ಲಾಭವೇನು? ಕಂತು ಬರುವ ಹೊತ್ತಿಗೆ ಮುಂದಿನ ಫಸಲೇ ಬಂದಿರುತ್ತಿತ್ತು ಎಂಬ ಗೊಣಗಾಟ ಬೇರೆ. ನಿರ್ಣಯವನ್ನು ವಿರೋಧಿಸುವವರು ಇದಕ್ಕೆ ಉತ್ತರವಾಗಿ ಬೆಲೆಯ ಸ್ಥಿರತೆಯನ್ನು ಎತ್ತಿಹಿಡಿಯಬೇಕು, ಸೋವಿಯತ್ ಒಕ್ಕೂಟ ರೂಪಾಯಿ ವ್ಯವಹಾರದಲ್ಲಿ ಭಾರತದ ಕಾಫಿಯ ದೊಡ್ಡ ಗಿರಾಕಿಯಾಗಿತ್ತು ಎಂಬುದನ್ನೂ ನೆನಪಿಸಬೇಕು. ಖಾಸಗಿ ಆಸ್ತಿಯನ್ನು ಬಲವಾಗಿ ನಂಬಿದ್ದ ತೋಟದ ಮಾಲೀಕರ ಆದಾಯದ ಒಂದು ಪಾಲು ಮಾಸ್ಕೋದ ಯೋಜನಾ ಕಚೇರಿಯ ಖರೀದಿಯಿಂದ ಬರುತ್ತಿತ್ತೆಂಬುದು ಯಾವ ಸಭೆಯನ್ನೂ ಎಚ್ಚರಗೊಳಿಸುವ ಸಂಗತಿ.

1991ರಲ್ಲಿ ಆ ಒಕ್ಕೂಟ ಕುಸಿಯಿತು. 1992ರಿಂದ ಪೂಲ್ ಹಂತ ಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಕೊನೆಗೊಂಡಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮದ ಹೊಡೆತ ಬಿದ್ದು ಜಾಗತಿಕ ಬೆಲೆ ಜಿಗಿದಾಗ ಮುಕ್ತ ಮಾರುಕಟ್ಟೆಯ ಪರ ವಾದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ವಾದಿ ಅಲ್ಲಿಗೇ ನಿಲ್ಲಿಸಬಾರದು, ಏಕೆಂದರೆ 2000ದಿಂದ 2002ರವರೆಗೆ ಬೆಲೆ ಹಲವು ದಶಕಗಳಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು. ಆ ಕುಸಿತದ ಒಂದು ಮುಖ್ಯ ಕಾರಣ ವಿಯೆಟ್ನಾಂ. ಕಮ್ಯುನಿಸ್ಟ್ ಪಕ್ಷವೇ ಆಳುವ ಆ ದೇಶ 1986ರಲ್ಲಿ ‘ದೊಯ್ ಮೊಯ್’ ಎಂಬ ಸುಧಾರಣೆ ಆರಂಭಿಸಿ, ಸಾಮೂಹಿಕ ಕೃಷಿಯನ್ನು ಕೈಬಿಟ್ಟು, ನೆಲದ ಒಡೆತನವನ್ನು ರಾಜ್ಯದಲ್ಲೇ ಉಳಿಸಿಕೊಂಡು ದೀರ್ಘಾವಧಿಯ ಬಳಕೆಯ ಹಕ್ಕನ್ನು ರೈತ ಕುಟುಂಬಗಳಿಗೆ ಕೊಟ್ಟಿತು. ಶತಮಾನ ತಿರುಗುವ ಹೊತ್ತಿಗೆ ಅದು ಬ್ರೆಜಿಲ್ ನಂತರದ ಅತಿ ದೊಡ್ಡ ಕಾಫಿ ಉತ್ಪಾದಕ ದೇಶವಾಗಿತ್ತು, ಬೆಳೆದದ್ದು ಬಹುತೇಕ ರೋಬಸ್ಟಾ ಜಾತಿಯ ಕಾಫಿಯನ್ನೇ. ಇದನ್ನು ಯಾರ ಗೆಲುವೆಂದು ಬರೆದುಕೊಳ್ಳಬೇಕು? ಮಾರುಕಟ್ಟೆಯ ಪರ ಇರುವವರು ಸಾಮೂಹಿಕ ಕೃಷಿ ಬಿಟ್ಟ ಮೇಲೆಯೇ ಉತ್ಪಾದನೆ ಏರಿತೆನ್ನುತ್ತಾರೆ. ಎದುರಿನವರು ನೆಲ ಹಂಚಿ ಕೃಷಿಗೆ ಬೆಂಬಲ ಕೊಟ್ಟದ್ದು ರಾಜ್ಯವೇ ಎನ್ನುತ್ತಾರೆ. ಮೂರು ಪ್ರಶ್ನೆಗಳನ್ನು ಬೇರೆಬೇರೆ ಕೇಳುವುದು ಏಕೆ ಮುಖ್ಯವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಸಿದ್ಧಾಂತವನ್ನು ಕೈಗೆಟುಕುವಂತೆ ಮಾಡಲು ಒಂದು ಚೀಲ ಚೆರ್ರಿಯ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನ, ಲೆಕ್ಕ ಹಿಡಿಯುವುದು ಒಳ್ಳೆಯ ಅಭ್ಯಾಸ. ಕಣದಲ್ಲಿ ಒಣಗಿದ ರೋಬಸ್ಟಾವನ್ನು ಕೊಳ್ಳಲು ಬಂದ ವ್ಯಾಪಾರಿ ರಾಶಿಯಿಂದ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜವನ್ನು ತೂಗಿ, ತೇವಾಂಶ ನೋಡುತ್ತಾರೆ. 50 ಕೆ.ಜಿ. ಚೆರ್ರಿಗೆ 27 ಕೆ.ಜಿ. ಬೀಜ ಬರುವಂತಿದ್ದರೆ ಔಟ್‌ಟರ್ನ್ 27 ಎಂದು ಲೆಕ್ಕ. ಆ ದಿನದ ದರವನ್ನು ಅದರಿಂದ ಗುಣಿಸಿ ಚೀಲದ ಬೆಲೆ ಕಟ್ಟುತ್ತಾರೆ. ದರದ ಮೂಲ ಲಂಡನ್‌ನ ವಾಯಿದೆ ಮಾರುಕಟ್ಟೆಯಲ್ಲಿದೆ, ಅಂದರೆ ಮುಂದೆ ಕೈಸೇರುವ ಕಾಫಿಗೆ ಈಗಲೇ ಬೆಲೆ ಕಟ್ಟುವ ಮಾರುಕಟ್ಟೆಯಲ್ಲಿ. ಈಗ ಪ್ರಶ್ನೆ: ಈ ಚೀಲದ ಮೌಲ್ಯ ಹುಟ್ಟಿದ್ದೆಲ್ಲಿ? ಮಾರ್ಕ್ಸ್‌ನ ದಾರಿಯಲ್ಲಿ ವಾದಿಸುವವರು ಹಣ್ಣು ಕೊಯ್ದವರ, ನೆರಳಿನ ಮರದ ಕೊಂಬೆ ಸವರಿದವರ, ಕಣದಲ್ಲಿ ಹರವಿ ಮಗುಚಿದವರ ದುಡಿಮೆಯಲ್ಲಿ ಎನ್ನಬೇಕು. ಕೂಲಿಗೂ ಆ ದುಡಿಮೆ ಸೃಷ್ಟಿಸಿದ ಮೌಲ್ಯಕ್ಕೂ ನಡುವಿನ ವ್ಯತ್ಯಾಸವೇ ಹೆಚ್ಚುವರಿ ಮೌಲ್ಯ ಎಂದು ವಿವರಿಸಬೇಕು. ಎದುರು ಪಕ್ಷದವರು ಹಾಗಾದರೆ ಅದೇ ದುಡಿಮೆಯ ಚೀಲಕ್ಕೆ ಒಂದು ವರ್ಷ ಇದ್ದ ಬೆಲೆ ಇನ್ನೊಂದು ವರ್ಷ ಅರ್ಧಕ್ಕಿಳಿಯುವುದೇಕೆ, ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷದ ನಷ್ಟವನ್ನು ಹೊತ್ತವರಾರು ಎಂದು ಕೇಳಬೇಕು. ಎರಡೂ ಪ್ರಶ್ನೆಗಳು ನ್ಯಾಯವಾದವು. ಬೆಳೆಗಾರರು ತಾವೇ ನಂಬಿದ ತತ್ತ್ವಕ್ಕೆ ಸದಾ ಬದ್ಧರಾಗಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬಹುದು: ವಿಯೆಟ್ನಾಂನ ಅಗ್ಗದ ಕಾಳುಮೆಣಸು ಒಳಬಂದಾಗ ಅವರು ಸರ್ಕಾರದ ಬಾಗಿಲನ್ನೇ ತಟ್ಟಿದರು, 2017ರ ಡಿಸೆಂಬರ್‌ನಲ್ಲಿ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಜಾರಿಗೆ ಬಂತು.

ಭೂಮಿಯ ಪ್ರಶ್ನೆಯನ್ನು ತಪ್ಪಿಸಿ ಕೊಡಗಿನಲ್ಲಿ ಈ ಚರ್ಚೆ ಮಾಡುವುದು ಅಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ದೇವರಾಜ ಅರಸು ಅವರ ಸರ್ಕಾರದ 1974ರ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಗೊಳಿಸಿತು, ಆದರೆ ತೋಟಗಳು ಭೂ ಒಡೆತನದ ಗರಿಷ್ಠ ಮಿತಿಯಿಂದ ಹೊರಗುಳಿದವು. ಇದು ಬಂಡವಾಳದ ಒತ್ತಡವೆಂದು ಥಟ್ಟನೆ ತೀರ್ಮಾನಿಸುವ ಮೊದಲು ಕೇರಳ ಗಡಿಯ ಮಾಕುಟ್ಟದ ಆಚೆಗೂ ನೋಡಬೇಕು: 1957ರಲ್ಲಿ ಚುನಾಯಿತ ಕಮ್ಯುನಿಸ್ಟ್ ಸರ್ಕಾರ ಕಂಡ, ಭೂಸುಧಾರಣೆಗೆ ಹೆಸರಾದ ಕೇರಳದಲ್ಲಿಯೂ ತೋಟಗಳಿಗೆ ಅದೇ ವಿನಾಯಿತಿ ಸಿಕ್ಕಿತು. ತೋಟದ ದುಡಿಮೆಗಾರರಿಗೆ ಮನೆ, ಚಿಕಿತ್ಸೆ ಒದಗಿಸುವ ಹೊಣೆಯನ್ನು 1951ರ ಕಾಯ್ದೆ ಮಾಲೀಕರ ಮೇಲೆ ಹೊರಿಸಿತು. ಆದರೆ ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆಯಲ್ಲಿ ತಲೆಮಾರುಗಳಿಂದ ಬದುಕಿದ ಎರವ, ಕುರುಬ ಬುಡಕಟ್ಟು ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಇಂದಿಗೂ ಸ್ವಂತದ್ದೆನ್ನುವ ತುಂಡು ನೆಲವಿಲ್ಲ. ಮಾರುಕಟ್ಟೆಯ ಪರ ಮಾತನಾಡುವವರ ಬಳಿ ಇದಕ್ಕೆ ಸಿದ್ಧ ಉತ್ತರವಿಲ್ಲದಿದ್ದರೆ ಅವರು ಇನ್ನೂ ಸಿದ್ಧರಾಗಿಲ್ಲ.

ಕ್ಷಾಮಗಳ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. 1932-33ರ ಉಕ್ರೇನ್, 1959-61ರ ಚೀನಾ, 1943ರ ಬಂಗಾಳ ಈ ಮೂರೂ ಹೆಸರುಗಳು ಖಂಡಿತ ಬರುತ್ತವೆ. ಚೀನಾದಲ್ಲಿ ಸತ್ತವರ ಸಂಖ್ಯೆಯ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಹರಡಿದೆ, ಬಂಗಾಳದ್ದು ಇಪ್ಪತ್ತರಿಂದ ಮೂವತ್ತು ಲಕ್ಷ. ಒಂದೇ ಅಂಕಿಯನ್ನು ಹಿಡಿದು ಕೂಗುವವರನ್ನು ತೀರ್ಪುಗಾರರು ನಂಬಬಾರದು. ಶವಗಳನ್ನು ಎಣಿಸಿ ಅಂಕ ಕೇಳುವುದು ಸಭ್ಯತೆಯೂ ಅಲ್ಲ. ಕೇಳಬೇಕಾದದ್ದು ಕಾರಣ: ಸುಳ್ಳು ಇಳುವರಿಯ ವರದಿಗಳನ್ನು ಪ್ರಶ್ನಿಸುವವರೇ ಇಲ್ಲದ ಏಕಪಕ್ಷದ ಆಡಳಿತವೋ, ವಸಾಹತು ಸರ್ಕಾರದ ಯುದ್ಧದ ಆದ್ಯತೆಯೋ, ಅಕ್ಕಿಯ ಬೆಲೆ ಏರಿದಾಗ ಕೊಳ್ಳುವ ಶಕ್ತಿ ಕಳೆದುಕೊಂಡ ಕೂಲಿಕಾರರ ಸ್ಥಿತಿಯೋ? ಸ್ವತಂತ್ರ ಪತ್ರಿಕೆಗಳೂ ಚುನಾವಣೆಗಳೂ ಇರುವಲ್ಲಿ ಇಂಥ ಮಹಾಕ್ಷಾಮ ನಡೆಯುವುದಿಲ್ಲವೆಂಬ ಅಮರ್ತ್ಯ ಸೇನ್ ಅವರ ವಾದವನ್ನೂ, 1978ಕ್ಕಿಂತ ಮುಂಚಿನ ಚೀನಾದಲ್ಲಿ ಆಯುಷ್ಯ ಭಾರತಕ್ಕಿಂತ ವೇಗವಾಗಿ ಹೆಚ್ಚಿತೆಂದು ಅವರೇ ತೋರಿಸಿದ್ದನ್ನೂ ಒಟ್ಟಿಗೆ ಓದಬೇಕು.

ಎರಡು ಜರ್ಮನಿ, ಎರಡು ಕೊರಿಯಾ, 1957ರ ಸ್ಪುಟ್ನಿಕ್, 2008ರ ಬ್ಯಾಂಕ್ ಕುಸಿತ ಇವು ಎಲ್ಲರೂ ತರುವ ಉದಾಹರಣೆಗಳು. ಒಂದೊಂದು ವಾಕ್ಯಕ್ಕಿಂತ ಹೆಚ್ಚು ಸಮಯ ಕೊಡಬೇಕಿಲ್ಲ.

ಮರುತ್ತರದ ಸುತ್ತಿಗೆ ಒಂದು ಉದಾಹರಣೆಯನ್ನು ಉಳಿಸಿಕೊಂಡಿರಬೇಕು. ಕಾಫಿ ಮಂಡಳಿ 1950ರ ದಶಕದಲ್ಲಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ 1957ರಲ್ಲಿ ಬೆಂಗಳೂರಿನಿಂದ ಆರಂಭಿಸಿ ಸಹಕಾರ ಸಂಘಗಳನ್ನು ಕಟ್ಟಿ, ಇಂಡಿಯನ್ ಕಾಫಿ ಹೌಸ್‌ಗಳನ್ನು ತಾವೇ ನಡೆಸತೊಡಗಿದರು. ಒಡೆತನ ದುಡಿಯುವವರದು, ಗಿರಾಕಿ ಮುಕ್ತ ಮಾರುಕಟ್ಟೆಯವನು, ನಷ್ಟವಾದರೆ ಹೊರುವುದು ಸಂಘ. ಅಧ್ಯಕ್ಷರು ಈ ಉದಾಹರಣೆಯನ್ನು ಎರಡೂ ಪಕ್ಷಗಳ ಮುಂದಿಟ್ಟು ಮೂರು ಮೂರು ನಿಮಿಷ ಕೊಡಲಿ. ಕಮ್ಯುನಿಸಂ ಪರ ವಾದಿ ಇಂಥ ಸಂಘ ಬೆಳೆಯಲು ಎದುರಾಳಿಯ ಮಾರುಕಟ್ಟೆ ಏಕೆ ಬೇಕಾಯಿತೆಂದು ವಿವರಿಸಲಿ. ಬಂಡವಾಳಶಾಹಿಯ ಪರ ವಾದಿ ಮಾಲೀಕನಿಲ್ಲದೆ ಅದು ದಶಕಗಟ್ಟಲೆ ಹೇಗೆ ನಡೆಯಿತೆಂದು ವಿವರಿಸಲಿ. ಆ ಬಳಿಕ ಪ್ರಶ್ನೆ ಕೇಳುವ ಸರದಿ ಸಭಿಕರದು. ಅವರಲ್ಲಿ ತೋಟದ ಮಾಲೀಕರ ಮಕ್ಕಳೂ ಲೈನ್‌ಮನೆಯಿಂದ ಬಂದವರೂ ಇದ್ದರೆ ಮೊದಲ ಪ್ರಶ್ನೆಯನ್ನು ಎರಡನೆಯವರಿಗೆ ಬಿಡುವುದು ಲೇಸು.