ಕೂಮರಿನ್‌ಗೆ ಗ್ಲೂಕೋಸ್ ಜೋಡಿಸಿದ ನನ್ನ ಅನುಭವ

ಅನೇಕ ಗೆಡ್ಡೆಗಳ ಕೋಶಗಳು ಗ್ಲೂಟ್-1 ಎಂಬ ಸಾಗಣೆ ಪ್ರೋಟೀನಿನ ಮೂಲಕ ಸಾಮಾನ್ಯ ಕೋಶಗಳಿಗಿಂತ ಹೆಚ್ಚು ಗ್ಲೂಕೋಸ್ ಹೀರಿಕೊಳ್ಳುವುದರಿಂದ, ಔಷಧಗುಣದ ಅಣುವಿಗೆ ಸಕ್ಕರೆ ಜೋಡಿಸಿದರೆ ಅದೂ ಅದೇ ದಾರಿಯಲ್ಲಿ ಒಳಹೋದೀತು ಎಂಬುದು ಈ ಕ್ಷೇತ್ರದ ಮೂಲ ಊಹೆ. ಶಂಕರಘಟ್ಟದ ಪ್ರಯೋಗಾಲಯದಲ್ಲಿ ಹಲವು ಸಸ್ಯಗಳಲ್ಲಿ ಸಿಗುವ ಕೂಮರಿನ್ ಎಂಬ ಸಂಯುಕ್ತಕ್ಕೆ ಗ್ಲೂಕೋಸ್ ಜೋಡಿಸಲು ಹೊರಟಾಗ ನಾನು ಮೊದಲು ತೀರ್ಮಾನಿಸಬೇಕಾಗಿದ್ದುದು ನಡುವಿನ ಕೊಂಡಿಯನ್ನು. ಆಮ್ಲಜನಕದ ಕೊಂಡಿ ಆಮ್ಲದಲ್ಲೂ ಗ್ಲೂಕೋಸಿಡೇಸ್ ಕಿಣ್ವದಿಂದಲೂ ಒಡೆಯಬಲ್ಲದು. ಮೂರು ಸಾರಜನಕ ಪರಮಾಣುಗಳಿರುವ ಟ್ರೈಅಜೋಲ್ ಉಂಗುರ ಸುಲಭಕ್ಕೆ ಒಡೆಯದು. ಕಂಡ ಪರಿಣಾಮ ಇಡೀ ಅಣುವಿನದೋ ಕಳಚಿಕೊಂಡ ಕೂಮರಿನ್‌ನದೋ ಎಂಬ ಗೊಂದಲ ಬೇಡವೆಂದು ಎರಡನೆಯದನ್ನೇ ಆರಿಸಿದೆ.

ಗ್ಲೂಕೋಸಿನ ಹೈಡ್ರಾಕ್ಸಿಲ್‌ಗಳನ್ನು ಅಸಿಟೈಲ್ ಗುಂಪುಗಳಿಂದ ಮುಚ್ಚಿ, ಬ್ರೋಮೈಡ್ ಮಾಡಿ, ಅದನ್ನು ಅಜೈಡ್ (ಮೂರು ಸಾರಜನಕಗಳ ಸರಪಳಿ ಇರುವ ರೂಪ) ಆಗಿಸಿ, ತುದಿಯಲ್ಲಿ ಇಂಗಾಲಗಳ ತ್ರಿಬಂಧವುಳ್ಳ ಪ್ರೊಪಾರ್ಗಿಲ್ ಗುಂಪಿರುವ ಕೂಮರಿನ್‌ನೊಡನೆ ತಾಮ್ರದ ನೆರವಿನಿಂದ ಕೂಡಿಸಿ ಆ ಉಂಗುರವನ್ನು ಕಟ್ಟುವುದು 2022ರ ನೊಬೆಲ್ ಪಡೆದ ಕ್ಲಿಕ್ ರಸಾಯನದ ಹಾದಿ. ಇದರಲ್ಲಿ ಕಾಡುವುದು ಬ್ರೋಮೈಡ್. ತೇವ ತಗುಲಿದರೆ ಅದು ಹಾಳಾಗುತ್ತದೆ, ಮಲೆನಾಡಿನ ಆಷಾಢದಲ್ಲಿ ಒಣ ಜಾಗವೆಂದರೆ ಡೆಸಿಕೇಟರ್ ಒಂದೇ. ಹೀಗಾಗಿ ಅದನ್ನು ಕೂಡಿಡದೆ ತಯಾರಿಸಿದ ದಿನವೇ ಅಜೈಡ್ ಮಾಡಿಬಿಡುತ್ತಿದ್ದೆ. ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ನಲ್ಲಿ ಅನೋಮೆರಿಕ್ ಪ್ರೋಟಾನಿನ (ಸಕ್ಕರೆಯ 1ನೆಯ ಇಂಗಾಲದ ಹೈಡ್ರೋಜನ್) ಸಂಕೇತ ಸುಮಾರು 9 ಹರ್ಟ್ಸ್ ಅಂತರದಲ್ಲಿ ಸೀಳಿಕೊಂಡರೆ ಅದು ಬೀಟಾ ರೂಪ, ಅಂದರೆ ಕೊಂಡಿ ಸಕ್ಕರೆಯ ಉಂಗುರದ ಮೇಲ್ಬದಿಗಿರುವ ಜೋಡಣೆ.

ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆ ಮಾಡಿದಾಗ ಅಸಿಟೈಲ್ ಹೊದಿಕೆಯಿದ್ದ ಸಂಯುಕ್ತವೇ ಹೊದಿಕೆ ತೆಗೆದುದಕ್ಕಿಂತ ಚುರುಕಾಗಿತ್ತು. ಇಷ್ಟರಿಂದಲೇ ಸಕ್ಕರೆ ಗ್ಲೂಟ್-1ರ ಮೂಲಕ ಒಯ್ಯಿತೆಂದು ಬರೆಯುವುದು ಸರಿಯಲ್ಲ. ಆ ಪ್ರೋಟೀನಿಗೆ ಬೇಕಾದುದು ಬಿಡಿ ಹೈಡ್ರಾಕ್ಸಿಲ್‌ಗಳು. ಮುಚ್ಚಿದ ಸಕ್ಕರೆ ಕೋಶಪೊರೆಯ ಕೊಬ್ಬಿನ ಪದರವನ್ನು ತಾನಾಗಿಯೇ ದಾಟಿ, ಒಳಗಿನ ಎಸ್ಟರೇಸ್ ಕಿಣ್ವಗಳಿಂದ ಹೊದಿಕೆ ಕಳಚಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಫ್ಲೊರೆಟಿನ್ ಎಂಬ ಗ್ಲೂಟ್ ತಡೆಕಾರಕ ಬಳಸಿ ಸಾಗಣೆಯನ್ನು ತಡೆದು ನೋಡಿದೆ. ಪರಿಣಾಮ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಹೊದಿಕೆ ತೆಗೆದುದನ್ನು ಪರೀಕ್ಷಿಸುವಾಗ ಕೋಶ ಬೆಳೆಸುವ ಮಾಧ್ಯಮವನ್ನೂ ಬದಲಿಸಬೇಕಾಯಿತು, ಏಕೆಂದರೆ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುವಲ್ಲಿ ನಮ್ಮ ಅಣುವಿಗೆ ಸರದಿ ಸಿಗುವುದೇ ಕಷ್ಟ. 1 ಗ್ರಾಂ ಇರುವ ಮಾಧ್ಯಮ ರಕ್ತದ ಮಟ್ಟಕ್ಕೆ ಹತ್ತಿರ. ಪೆಟ್ ಸ್ಕ್ಯಾನಿನಲ್ಲಿ ಬಳಸುವ ಎಫ್‌ಡಿಜಿ ಎಂಬ ಗ್ಲೂಕೋಸ್ ರೂಪ 2ನೆಯ ಇಂಗಾಲದಲ್ಲಿ ಬದಲಾಗಿದ್ದರೂ ಒಳಹೋಗುತ್ತದೆಯಾದ್ದರಿಂದ, ಮುಂದಿನ ಸರಣಿಯಲ್ಲಿ ಕೊಂಡಿಯನ್ನು 1ನೆಯ ಇಂಗಾಲದಿಂದ ಅಲ್ಲಿಗೆ ಸರಿಸಿದ್ದೇನೆ.

ಇವು ಉರಿಯೂತವನ್ನೂ ತಗ್ಗಿಸುತ್ತವೆಯೇ ಎಂದು ನೋಡಲು, ಬ್ಯಾಕ್ಟೀರಿಯಾ ಹೊದಿಕೆಯ ಎಲ್‌ಪಿಎಸ್‌ನಿಂದ ಕೆರಳಿಸಿದ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳಲ್ಲಿ ಉರಿಯೂತದ ಗುರುತಾದ ನೈಟ್ರೈಟ್ ಅಳೆದೆ. ಕೋಶ ಸತ್ತರೂ ನೈಟ್ರೈಟ್ ಇಳಿಯುತ್ತದೆ. ಆದ್ದರಿಂದ ಕೋಶಗಳು ಬದುಕಿರುವ ಪ್ರಮಾಣದಲ್ಲಿ ಕಂಡ ಇಳಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಅಲ್ಬುಮಿನ್ ಪ್ರೋಟೀನು ಹೆಪ್ಪುಗಟ್ಟದಂತೆ ತಡೆಯುವ ಅಗ್ಗದ ಪರೀಕ್ಷೆಯನ್ನು ಹಲವರು ಸಾಕೆನ್ನುತ್ತಾರೆ, ಆದರೆ ಅದು ಉರಿಯೂತಕ್ಕೆ ಕಾರಣವಾಗುವ ಕಾಕ್ಸ್-2 ಕಿಣ್ವದ ಬಗ್ಗೆ ಏನನ್ನೂ ಹೇಳುವುದಿಲ್ಲ.