ಅಜ್ಜನ ಕಾಲದ ತೋಟಾ ತುಂಬುವ ಸಾಮಾನು ಸಿಕ್ಕರೆ

ಗಂಗಾವತಿ ಹತ್ತಿರದ ನಮ್ಮ ಹಳೆ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಹೊಲಕ್ಕೆ ಹಂದಿ ಬರುತ್ತವೆ ಅಂತ ಅಜ್ಜ ಲೈಸೆನ್ಸ್ ಬಂದೂಕು ಇಟ್ಟಿದ್ದರು. ಖಾಲಿ ತೋಟಾ (ಕಾರ್ಟ್ರಿಜ್) ತಾವೇ ತುಂಬುತ್ತಿದ್ದರಂತೆ. ಪೆಟ್ಟಿಗೆಯಲ್ಲಿದ್ದದ್ದು ಆ ಸಾಮಾನೇ.

ಅದರಲ್ಲಿ ಒಂದನ್ನು ನೋಡಿ ನಾನು ಶಾವಿಗೆ ಮಷೀನ್ ಅಂದುಕೊಂಡೆ! ಮೇಜಿನ ಅಂಚಿಗೆ ಬಿಗಿಯುವುದು, ಹಿಡಿಕೆ ತಿರುಗಿಸುವುದು. ಕಾಗದದ ತೋಟಾದ ಬಾಯಿಯನ್ನು ಒಳಕ್ಕೆ ಮಡಚುವ ಸಾಧನ ಅದು. ನಮ್ಮದರಲ್ಲಿ ತೋಟಾವನ್ನು ಮುಂದಕ್ಕೆ ಒತ್ತುವ ಸನ್ನೆಕೋಲು ಇಲ್ಲ. ಅದಕ್ಕೇ ಗುರುತು ಸಿಗಲಿಲ್ಲ. ಇಂಥದ್ದು ಸಿಕ್ಕರೆ ಮೊದಲು ತುಕ್ಕು ಉಜ್ಜಬೇಡಿ, ಸುಮ್ನೆ ಒಣಬಟ್ಟೆಯಲ್ಲಿ ಒರೆಸಿ. 12 ಅಥವಾ 16 ಅಂತ ಕೆತ್ತಿದ್ದರೆ ಅದು ಬೋರ್ ಸಂಖ್ಯೆ, ಅಂದರೆ ಬಂದೂಕಿನ ನಳಿಗೆಯ ಅಳತೆ. ಶೆಫೀಲ್ಡ್ ಅಂತ ಇದ್ದರೆ ಇಂಗ್ಲೆಂಡಿನ ಮಾಲು.

ಹಿತ್ತಾಳೆಯ ಅಳತೆ ಬಟ್ಟಲಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅದರ ಮೇಲಿನ ಡ್ರಾಮ್ ಗುರುತು ಕರಿಮದ್ದಿನ ಲೆಕ್ಕ. 1 ಡ್ರಾಮ್ ಅಂದರೆ ಸುಮಾರು 1.77 ಗ್ರಾಂ. ಹೊಗೆಯಿಲ್ಲದ ಈಗಿನ ಮದ್ದನ್ನು ಅದೇ ಬಟ್ಟಲಲ್ಲಿ ಅಳೆದರೆ ಬಂದೂಕಿನ ನಳಿಗೆಯೇ ಸಿಡಿಯಬಹುದು. ಕಳೆದುಹೋದ ಭಾಗವನ್ನು ಲೇತ್‌ನಲ್ಲಿ ಮಾಡಿಸಿ ಬಳಸೋಣ ಅನ್ನೋದೂ ಬೇಡ.

ಇನ್ನೊಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಅದನ್ನು ತಯಾರಿಸುವ ಯಂತ್ರವೂ ಸೇರುತ್ತದೆ. ಹಾಗಾಗಿ ಗುಜರಿಗೆ ಹಾಕಬೇಡಿ, ಮಾರಲೂ ಬೇಡಿ. ನಾನು ಫೋಟೋ, ಅಜ್ಜನ ಲೈಸೆನ್ಸ್ ಪುಸ್ತಕ ಹಿಡಿದು ಠಾಣೆಗೆ ಹೋಗಿ ಬರಹದಲ್ಲೇ ತಿಳಿಸಿದೆ. ಪೆಟ್ಟಿಗೆಯಲ್ಲಿ ಹಳೆ ಮದ್ದು, ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಉಳಿದಿದ್ದರೆ ಕೈ ಹಾಕದೆ ಅವರನ್ನೇ ಮನೆಗೆ ಕರೆಯಿರಿ.