ಪರಾಂಚಿ ಏರುವ ಮೊದಲು ಪಾಲಿಸಿ ಓದಿ

ದೀಪಾವಳಿ ಮುಗಿಯುತ್ತಿದ್ದಂತೆ ಮುಂಬಯಿಯ ಹಳೆ ಹೌಸಿಂಗ್ ಸೊಸೈಟಿಗಳಲ್ಲಿ ರಿಪೇರಿ ಶುರುವಾಗುತ್ತದೆ. ಮಳೆಗಾಲದಲ್ಲಿ ಸೋರಿದ ಗೋಡೆಗೆ ಪ್ಲಾಸ್ಟರ್, ಮೇಲೆ ಬಣ್ಣ. ಮಾಟುಂಗ, ಮುಲುಂಡ್, ಡೊಂಬಿವಲಿಯ ಎಷ್ಟೋ ಕಮಿಟಿಗಳಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಪರಾಂಚಿ, ಅಂದರೆ ಸಾರವೆ, ಅದರ ಮೇಲೆ ನಿಲ್ಲುವವರಲ್ಲೂ ಯಾದಗಿರಿ, ಕಲಬುರಗಿ, ವಿಜಯಪುರದವರಿದ್ದಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೊಸೈಟಿಯ ರಿಪೇರಿಯಲ್ಲಿ ಯಾದಗಿರಿ ಕಡೆಯ ಹುಡುಗನೊಬ್ಬ ಎರಡನೇ ಮಾಳಿಗೆಯ ಎತ್ತರದಿಂದ ಬಿದ್ದ. ಸೊಂಟ ಮುರಿಯಿತು. ನಾನಾಗ ಕಮಿಟಿಯಲ್ಲಿದ್ದೆ. ಕಾಂಟ್ರಾಕ್ಟರ್ ಕೆಲಸದವರ ಅಪಘಾತ ವಿಮೆಯ ಪಾಲಿಸಿ ಕೊಟ್ಟಿದ್ದರು, ನಾವು ಓದದೆ ಫೈಲಿಗೆ ಸೇರಿಸಿದ್ದೆವು. ಅವತ್ತು ತೆಗೆದು ನೋಡಿದರೆ ಅದರಲ್ಲಿದ್ದದ್ದು ಆರು ಜನ ಪೇಂಟರ್ ಮಾತ್ರ. ಈ ಹುಡುಗ ಪ್ಲಾಸ್ಟರ್ ಕೆಲಸಕ್ಕೆ ಮುಕಾದಮ, ಅಂದರೆ ಕೂಲಿಯವರನ್ನು ಒದಗಿಸುವ ಮೇಸ್ತ್ರಿ, ಕರೆತಂದವನು. "ನನ್ ಹೆಸರು ಯಾವ ಕಾಗದದಾಗೂ ಇಲ್ಲೇನ್ರಿ ಸರ್?" ಎಂದು ಆಸ್ಪತ್ರೆಯಲ್ಲಿ ಕೇಳಿದ. ಮನೆಮನೆಗೆ ಹೋಗಿ ಚಂದಾ ಎತ್ತಿ ಆಪರೇಷನ್ ಮಾಡಿಸಿದೆವು. ಆಮೇಲೆ ಪರಿಚಯದ ನಾಲ್ಕಾರು ಸೊಸೈಟಿಗಳ ಫೈಲು ನೋಡಿದೆ. ಎಲ್ಲ ಕಡೆ ಇದೇ ತಪ್ಪು.

ಹಂತ 1: ಎಂಜಿನಿಯರ್

ಕಟ್ಟಡಕ್ಕೆ 30 ವರ್ಷ ದಾಟಿದ್ದರೆ ಮುಂಬಯಿ ಪಾಲಿಕೆಯ ಕಾನೂನಿನ 353ಬಿ ಕಲಮಿನ ಪ್ರಕಾರ ಸ್ಟ್ರಕ್ಚರಲ್ ಎಂಜಿನಿಯರ್ ತಪಾಸಣೆ ಆಗಲೇಬೇಕು. 30 ಆಗದಿದ್ದರೂ ಮಾಡಿಸಿ. ಯಾವ ಕಂಬ ಮುಟ್ಟಬಾರದು ಎಂದು ಅವರೇ ಬರೆದುಕೊಡಲಿ. 2017ರ ಜುಲೈನಲ್ಲಿ ಘಾಟ್ಕೋಪರ್‌ನಲ್ಲಿ ಕುಸಿದ ಕಟ್ಟಡದ ಗ್ರೌಂಡ್ ಫ್ಲೋರ್‌ನಲ್ಲಿ ನವೀಕರಣ ನಡೆದಿತ್ತು. 17 ಜನ ಸತ್ತರು.

ಹಂತ 2: ಕೊಟೇಶನ್

ಪರಾಂಚಿ, ನೆಟ್, ಬೆಲ್ಟ್, ಹೆಲ್ಮೆಟ್ ಖರ್ಚು ಬೇರೆ ಸಾಲಿನಲ್ಲಿ ಬರಲಿ. ರೇಟು ಇಳಿಸಲು ಚೌಕಾಶಿ ಮಾಡುವಾಗ ಆ ಸಾಲಿಗೆ ಕೈಹಾಕಬೇಡಿ. ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ನಾನಂತೂ ಕೆಲಸ ಕೊಡುವುದಿಲ್ಲ. ಅವರು ಉಳಿಸುವುದು ಹಗ್ಗದಲ್ಲಿ, ಹಲಗೆಯಲ್ಲಿ.

ಹಂತ 3: ಪಾಲಿಸಿ

ಜನ ಎಡವುವುದು ಇಲ್ಲೇ. "ಎಲ್ಲ ಜವಾಬ್ದಾರಿ ಕಾಂಟ್ರಾಕ್ಟರ್‌ದು" ಎಂದು ಕರಾರಿನಲ್ಲಿ ಬರೆಸಿದರೆ ಆಯಿತು ಅಂದುಕೊಳ್ಳುತ್ತಾರೆ. ಬರೆಸಬೇಕು, ನಿಜ. ಆದರೆ ಅಪಘಾತವಾದ ದಿನ ಅವರ ಬಳಿ ಹಣವೇ ಇಲ್ಲದಿದ್ದರೆ? ಅವರು ಫೋನ್ ಎತ್ತದಿದ್ದರೆ? ಪರಿಹಾರದ ಕೇಸು ಕೆಲಸ ಕೊಟ್ಟ ಸೊಸೈಟಿಯ ಬಾಗಿಲಿಗೂ ಬರಬಹುದು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲಿದೆ. ಅಂಥ ಕೇಸಿನಿಂದ ಕರಾರಿನ ಸಾಲು ಯಾರನ್ನೂ ಬಿಡಿಸುವುದಿಲ್ಲ.

ಮೊತ್ತ ಎಷ್ಟಾಗುತ್ತದೆ ನೋಡಿ. ಸಾವಿನ ಪರಿಹಾರ ಅಂದರೆ ತಿಂಗಳ ಕೂಲಿಯ ಅರ್ಧಕ್ಕೆ ವಯಸ್ಸಿನ ಗುಣಕ. 30 ವರ್ಷದವರಿಗೆ ಗುಣಕ 207.98. ಕೂಲಿ 15,000 ಎಂದು ಹಿಡಿದರೆ 15,59,850 ರೂಪಾಯಿ. 1923ರ ಕಾರ್ಮಿಕರ ಪರಿಹಾರ ಕಾನೂನಿನಲ್ಲಿದ್ದ ಈ ಲೆಕ್ಕ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಿಂದ ಆ ಸಂಹಿತೆ ಜಾರಿಯಲ್ಲಿದೆ.

ಇದಕ್ಕಾಗಿಯೇ ಇರುವ ವಿಮೆಯನ್ನು ಎಲ್ಲರೂ ಡಬ್ಲ್ಯುಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಪಾಲಿಸಿ ಎನ್ನುತ್ತಾರೆ. ಮೊದಲ ಪುಟದ ಝೆರಾಕ್ಸ್ ಒಪ್ಪಬೇಡಿ, ಪೂರ್ತಿ ಪಾಲಿಸಿ ಕೇಳಿ. ಮೊದಲು ತಾರೀಖು ನೋಡಿ. ರಿಪೇರಿ ನಾಲ್ಕು ತಿಂಗಳು ಎಂದು ಹೇಳಿ ಏಳು ತಿಂಗಳು ಎಳೆಯುವುದು ಮಾಮೂಲು, ಪಾಲಿಸಿ ಮಧ್ಯದಲ್ಲೇ ಮುಗಿದಿರುತ್ತದೆ. ನಂತರ ಜಾಗ. ನಿಮ್ಮ ಸೊಸೈಟಿಯ ವಿಳಾಸ ಇರಬೇಕು, ಬೇರೆ ಸೈಟಿನ ಪಾಲಿಸಿ ತೋರಿಸುವವರಿದ್ದಾರೆ. ಆಮೇಲೆ ಕೆಲಸದ ವಿವರ. "ಪೇಂಟಿಂಗ್" ಎಂದಷ್ಟೇ ಇದ್ದು ನಿಮ್ಮಲ್ಲಿ ಪ್ಲಾಸ್ಟರ್ ಒಡೆಯುತ್ತಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬರುತ್ತದೆ. ಎತ್ತರದ ಕೆಲಸ ಎಂದು ಸ್ಪಷ್ಟವಾಗಿ ಬರೆಸಿ.

ಎಲ್ಲಕ್ಕಿಂತ ಮುಖ್ಯ ತಲೆ ಲೆಕ್ಕ. ಪ್ರೀಮಿಯಂ ಉಳಿಸಲು ಹತ್ತು ಜನರನ್ನು ತೋರಿಸಿ ಇಪ್ಪತ್ತು ಜನರನ್ನು ಹತ್ತಿಸುತ್ತಾರೆ. ಕೂಲಿಯನ್ನೂ ಕಡಿಮೆ ತೋರಿಸುತ್ತಾರೆ. ಮುಕಾದಮ ತರುವ ಜನ, ಕೂಲಿಯವರು ಸೇರುವ ನಾಕಾದಿಂದ ಒಂದು ದಿನಕ್ಕೆ ಬರುವವರು ಪಾಲಿಸಿಯೊಳಗೆ ಬರಬೇಕಾದರೆ ಸಬ್ ಕಾಂಟ್ರಾಕ್ಟರ್ ಜನರನ್ನೂ ಸೇರಿಸಿ ಎಂದು ಬರೆಸಬೇಕು. ಆಸ್ಪತ್ರೆ ಖರ್ಚನ್ನೂ ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಿ. ನಮ್ಮ ಹುಡುಗನಿಗೆ ಮೊದಲ ದಿನವೇ ಬೇಕಾಗಿದ್ದು ಅದು. ಕೊನೆಗೆ, ಪಾಲಿಸಿ ನಂಬರ್ ಹಿಡಿದು ವಿಮಾ ಕಂಪನಿಗೆ ನೀವೇ ಒಮ್ಮೆ ಫೋನ್ ಮಾಡಿ. ಇದೆಲ್ಲ ಕೈಗೆ ಬರುವವರೆಗೆ ಅಡ್ವಾನ್ಸ್ ಚೆಕ್ ಬರೆಯಬೇಡಿ.

ಹಂತ 4: ಪರಾಂಚಿ

ಕೈಕಟಕಟೆ ಸೊಂಟದೆತ್ತರಕ್ಕೆ ಇರಲಿ, ಹಲಗೆ ಅಲುಗದಿರಲಿ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟನ್ನು ಸೈಟಿಗೆ ಬಿಡಲೇಬೇಡಿ, ಬಿದ್ದಾಗ ಅದು ಬೆನ್ನು ಮುರಿಯುತ್ತದೆ. ಐಎಸ್‌ಐ ಗುರುತಿನ, ಭುಜ, ತೊಡೆಗೂ ಪಟ್ಟಿ ಬರುವ ಫುಲ್ ಬಾಡಿ ಹಾರ್ನೆಸ್ ಬೇಕು. ಅದರ ಕೊಕ್ಕೆಯನ್ನು ಪರಾಂಚಿಯ ಬಿದಿರಿಗೇ ಹಾಕುವುದನ್ನು ದಿನಾ ನೋಡುತ್ತೇನೆ. ಬಿದಿರೇ ಜಾರಿದರೆ? ತೆರೇಸಿನ ಗಟ್ಟಿ ಕಂಬಕ್ಕೆ ಬೇರೆ ಹಗ್ಗ ಕಟ್ಟಿಸಿ. ಕೊಕ್ಕೆ ತಲೆಗಿಂತ ಮೇಲಿರಲಿ. ಪಾದದ ಹತ್ತಿರ ಹಾಕಿದರೆ 1.8 ಮೀಟರ್ ಹಗ್ಗ, ಬಿಚ್ಚಿಕೊಳ್ಳುವ ಶಾಕ್ ಅಬ್ಸಾರ್ಬರ್, ಆಳಿನ ಎತ್ತರ ಎಲ್ಲ ಸೇರಿ ಕೆಳಗೆ ಸುಮಾರು 6 ಮೀಟರ್ ಖಾಲಿ ಜಾಗ ಬೇಕು. ಮೊದಲ ಮಾಳಿಗೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಹಾರ್ನೆಸ್ ಹಾಕಿದ್ದರೂ ನೆಲಕ್ಕೇ ಬಡಿಯುತ್ತಾರೆ.

ಫುಟ್‌ಪಾತಿನ ಅಗ್ಗದ ಹೆಲ್ಮೆಟ್ ಸುಮ್ನೆ ದುಡ್ಡು ದಂಡ. ಡ್ರಿಲ್ ಮಷೀನಿನ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ.

ಹಂತ 5: ದಿನಾ ಬೆಳಿಗ್ಗೆ

ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್‌ನಲ್ಲಿ ಹೆಸರು, ವಯಸ್ಸು, ಊರು ಬರೆಯಲಿ. ಅದನ್ನು ಪಾಲಿಸಿಯ ಲೆಕ್ಕದ ಜೊತೆ ವಾರಕ್ಕೊಮ್ಮೆ ತಾಳೆ ನೋಡಿ. ಜನ ಜಾಸ್ತಿಯಾಗಿದ್ದರೆ ಪಾಲಿಸಿಯಲ್ಲಿ ಸೇರಿಸುವವರೆಗೆ ಹೊಸಬರು ಮೇಲೆ ಹತ್ತಬಾರದು. 18 ಆಗದ ಹುಡುಗರನ್ನು ಒಳಗೇ ಬಿಡಬೇಡಿ.

ಹಂತ 6: ಬಿದ್ದರೆ

108ಕ್ಕೆ ಫೋನ್ ಮಾಡಿ. ಬೆನ್ನಿಗೆ ಪೆಟ್ಟಾಗಿದ್ದರೆ ರಿಕ್ಷಾದಲ್ಲಿ ಹಾಕಿಕೊಂಡು ಓಡಬೇಡಿ. ಹಾರ್ನೆಸ್‌ನಲ್ಲಿ ನೇತಾಡುತ್ತಿದ್ದರೆ ತಡಮಾಡದೆ ಕೆಳಗಿಳಿಸಬೇಕು, ಕಾಲಲ್ಲಿ ರಕ್ತ ನಿಂತು ಜೀವಕ್ಕೇ ಅಪಾಯ. ಪೊಲೀಸರಿಗೂ ವಿಮೆಯವರಿಗೂ ಅದೇ ದಿನ ತಿಳಿಸಿ. "ಒಳಗೊಳಗೇ ಮುಗಿಸೋಣ" ಎಂಬ ಮಾತಿಗೆ ಒಪ್ಪಬೇಡಿ.

ಹಂತ 7: ಕೊನೆಯ ಬಿಲ್

ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅದಕ್ಕೆ 90 ದಿನದ ಸರ್ಟಿಫಿಕೇಟ್ ಬೇಕು. ಎಷ್ಟೋ ಕಾಂಟ್ರಾಕ್ಟರ್‌ಗಳು ಕೊಡದೆ ಸತಾಯಿಸುತ್ತಾರೆ. ನಿಮ್ಮ ರಿಜಿಸ್ಟರ್‌ನಲ್ಲಿ ದಿನಗಳ ಲೆಕ್ಕ ಇದ್ದೇ ಇದೆಯಲ್ವಾ? ಆ ಸರ್ಟಿಫಿಕೇಟ್‌ಗಳಿಗೆ ಕಾಂಟ್ರಾಕ್ಟರ್ ಸಹಿ ಮಾಡಿ, ಕೂಲಿ ಚುಕ್ತಾ ಆಯಿತೆಂದು ಕೆಲಸದವರ ಬಾಯಿಂದಲೇ ಕೇಳಿದ ಮೇಲೆ ಕೊನೆಯ ಚೆಕ್ ಕೊಡಿ.